ಹಿನ್ನೀರಿಗೆ ಚಿಕ್ಕ ಬೋಟೋ, ದೊಡ್ಡ ಬೋಟೋ? ಮನೆಮಂದಿಗೆ ಒಂದನ್ನು ಆರಿಸುವ ಮುನ್ನ

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದ ಮೇಲೆ ನಮ್ಮ ಕಡೆ ಬೋಟಿನ ಮಾತು ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹೊಳೆಬಾಗಿಲಿನಲ್ಲಿ ಜನ, ವಾಹನ ದಾಟಿಸುವ ಲಾಂಚಿಗೆ ಕಾದು ಕೂರುವ ಕಷ್ಟ ತಪ್ಪಿತು, ನಿಜ. ಆದರೆ ಹಿನ್ನೀರು ಕೈಬೆರಳು ಚಾಚಿದ ಹಾಗೆ ಕಣಿವೆ ಕಣಿವೆಗೂ ನುಗ್ಗಿ ನಿಂತಿದೆ. ಮನೆ ಒಂದು ದಂಡೆಯಲ್ಲಿ, ತೋಟ ಎದುರು ದಂಡೆಯಲ್ಲಿ ಇರುವವರಿಗೆ ರಸ್ತೆಯಲ್ಲಿ ಮುಕ್ಕಾಲು ಗಂಟೆ, ನೀರಿನ ಮೇಲೆ ಹತ್ತು ನಿಮಿಷ. ಜೊತೆಗೆ ಈಗ ರಜೆಗೆ ಊರಿಗೆ ಬರುವ ಮಕ್ಕಳು, ಮೊಮ್ಮಕ್ಕಳು ಬೇರೆ. ಹಾಗಾಗಿ ‘ಒಂದು ಮೋಟರ್ ಬೋಟು ಮನೆಗೇ ತಗೊಂಡರೆ ಹೇಗೆ?’ ಅಂತ ಕೇಳುವವರು ಜಾಸ್ತಿಯೇ ಆಗಿದ್ದಾರೆ.

ಮೊನ್ನೆ ನಮ್ಮ ಭಾವನೂ ಫೋನ್ ಮಾಡಿದ್ದರು. “14 ಅಡಿಯದು ಸಾಕೇನೋ ಮಾರಾಯ, ಇಲ್ಲಾ 20 ಅಡಿಯದೇ ತಗೊಂಡುಬಿಡಲಾ? ಪದೇ ಪದೇ ತಗೊಳ್ಳೋ ಸಾಮಾನಲ್ಲ ಅಲ್ವಾ?” ಅವರಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಚಿಕ್ಕದು ಅಂದರೆ 12ರಿಂದ 15 ಅಡಿಯ, ಮೇಲೆ ಚಾವಣಿ ಇಲ್ಲದ ಫೈಬರ್ ಅಥವಾ ಅಲ್ಯೂಮಿನಿಯಂ ಬೋಟು. ಹಿಂದೆ 10ರಿಂದ 30 ಎಚ್‌ಪಿಯ ಔಟ್‌ಬೋರ್ಡ್, ಅಂದರೆ ಬೋಟಿನ ಹೊರಗಡೆ ಸಿಕ್ಕಿಸುವ ಇಂಜಿನ್. ದೊಡ್ಡದು ಅಂದರೆ 19ರಿಂದ 23 ಅಡಿ, ಸ್ಟೀರಿಂಗ್, ಮೆತ್ತನೆ ಸೀಟು, ಬಿಸಿಲಿಗೆ ಚಾವಣಿ, 90ರಿಂದ 150 ಎಚ್‌ಪಿ. ಎರಡಕ್ಕೂ ನಡುವಿನ ಒಂದು ಅಳತೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮುಂಗಡ ಕೊಡುವ ಮೊದಲೇ ಅನುಮತಿಯ ವಿಷಯ ಮುಗಿಸಿಕೊಳ್ಳಿ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಇಂಜಿನ್ ಇರುವ ಬೋಟಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲ ಬೇಕು. ಶರಾವತಿ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು. ಶರಾವತಿ ಕಣಿವೆಯ ಸಾಕಷ್ಟು ಭಾಗ ಅಭಯಾರಣ್ಯ. ಭದ್ರಾ ಹಿನ್ನೀರಿನ ಪಕ್ಕದಲ್ಲಿ ಹುಲಿ ಸಂರಕ್ಷಿತ ಪ್ರದೇಶವಿದೆ. ಹಾಗಾಗಿ ನಿಮ್ಮ ದಂಡೆ ಯಾರ ವ್ಯಾಪ್ತಿಗೆ ಬರುತ್ತದೆ, ಯಾವ ಅಳತೆಯ ಬೋಟಿಗೆ ಒಪ್ಪುತ್ತಾರೆ ಅಂತ ಒಳನಾಡು ಜಲಸಾರಿಗೆ ಇಲಾಖೆ, ನಿಗಮ, ಅರಣ್ಯ ಇಲಾಖೆ ಮೂರೂ ಕಡೆ ವಿಚಾರಿಸಿ, ಬರಹದಲ್ಲಿ ತಗೊಳ್ಳಿ. ಬೋಟು ಮನೆ ಮುಂದೆ ಬಂದು ಕೂತ ಮೇಲೆ ಈ ಕೆಲಸ ಹಿಡಿದರೆ ಮನಸ್ಸಿಗೂ ನೆಮ್ಮದಿ ಇರುವುದಿಲ್ಲ.

ಇನ್ನು ಆರಿಸುವುದು ಹೇಗೆ? ನಾನು ಐದು ವಿಷಯ ನೋಡುತ್ತೇನೆ. ಬೇಸಿಗೆಯಲ್ಲಿ ನಿಮ್ಮ ದಂಡೆ ಎಲ್ಲಿಗೆ ಹೋಗುತ್ತದೆ? ವರ್ಷದ ಹೆಚ್ಚು ದಿನ ಬೋಟಿನಲ್ಲಿ ಎಷ್ಟು ಜನ ಕೂರುತ್ತಾರೆ? ದಾಟಬೇಕಾದ ನೀರು ಎಷ್ಟು ಬಯಲು, ಗಾಳಿ ಹೇಗೆ? ಮಳೆಗಾಲದಲ್ಲಿ ಎಲ್ಲಿ ಇಡುತ್ತೀರಿ? ಕೆಟ್ಟರೆ ಯಾರು ನೋಡುತ್ತಾರೆ? ಕೊಳ್ಳುವ ದುಡ್ಡಿನ ಲೆಕ್ಕ ಇವುಗಳ ಹಿಂದೆಯೇ ಬರುತ್ತದೆ.

ಇದರಲ್ಲಿ ಮೊದಲನೆಯದಕ್ಕೇ ಹೆಚ್ಚು ತೂಕ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ನೀರು ತುಂಬಿದಾಗ ನೋಡಿದರೆ ಇಡೀ ಸಮುದ್ರವೇ ನಮ್ಮ ಅಂಗಳಕ್ಕೆ ಬಂದ ಹಾಗಿರುತ್ತದೆ. ಆದರೆ ಇದು ಕರೆಂಟಿಗೆ ಅಂತ 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಬೇಸಿಗೆ ಪೂರ್ತಿ ನೀರು ಇಳಿಯುತ್ತಲೇ ಹೋಗುತ್ತದೆ. 50–60 ಅಡಿ ಇಳಿದ ವರ್ಷಗಳಿವೆ. ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟು, ನಾವು ಮಡೆನೂರು ಡ್ಯಾಂ ಅನ್ನುವುದು, ಆಗಲೇ ಮೇಲೆ ಕಾಣಿಸುವುದು. 2023ರ ಜೂನ್‌ನಲ್ಲಿ ನೀರು ಸಾಲದೆ ಹೊಳೆಬಾಗಿಲಿನ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು.

ಅಕ್ಟೋಬರ್‌ನಲ್ಲಿ ಹತ್ತು ಹೆಜ್ಜೆ ಇಳಿದರೆ ಸಿಗುವ ನೀರು ಮೇ ತಿಂಗಳಲ್ಲಿ ಎಷ್ಟೋ ದೂರಕ್ಕೆ ಹೋಗಿರುತ್ತದೆ. ನಡುವೆ ಬಿರುಕು ಬಿಟ್ಟ ಮಣ್ಣು, ಆಮೇಲೆ ಮೊಣಕಾಲುದ್ದ ಕೆಸರು. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ಬೇರೆ. ಕೆಲವು ಮೇಲೆ ಕಾಣುತ್ತವೆ, ಕೆಲವು ಒಂದು ಗೇಣು ನೀರಿನ ಕೆಳಗೆ ಕಾಯುತ್ತಿರುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಬೋಟನ್ನು ಮೇ ತಿಂಗಳ ದಂಡೆ ನೋಡಿ ಆರಿಸಿ. ದೀಪಾವಳಿಗೆ ಬರುವ ನೆಂಟರ ತಲೆ ಎಣಿಸಿ ಆರಿಸಬೇಡಿ.

ಈ ಲೆಕ್ಕದಲ್ಲಿ ಚಿಕ್ಕ ಬೋಟು ಗೆಲ್ಲುತ್ತದೆ. ಅದರ ಅಡಿಭಾಗಕ್ಕೆ ಒಂದು ಅಡಿ ನೀರಿದ್ದರೂ ತೇಲುತ್ತದೆ. ಇಂಜಿನ್ ಎತ್ತಿ ಹುಟ್ಟು ಹಾಕಿದರೆ ಬೊಡ್ಡೆಗಳ ನಡುವೆಯೂ ನುಸುಳಬಹುದು. 14 ಅಡಿಯ ಅಲ್ಯೂಮಿನಿಯಂ ಬೋಟು ಇಂಜಿನ್ ಬಿಟ್ಟು 100–150 ಕೆ.ಜಿ. ತೂಗುತ್ತದೆ. ಕೆಳಗೆ ಎರಡು ಅಡಿಕೆ ದಬ್ಬೆ ಹಾಕಿ ಮೂರು ಜನ ಎಳೆದರೆ ಕೆಸರಿನ ಮೇಲೂ ಜಾರಿಕೊಂಡು ಬರುತ್ತದೆ. ನೀರು ಹಿಂದೆ ಸರಿದ ಹಾಗೆ ವಾರಕ್ಕೊಮ್ಮೆ ಬೋಟನ್ನೂ ಸರಿಸುತ್ತಾ ಹೋಗಬಹುದು.

ದೊಡ್ಡ ಬೋಟು ಇಂಜಿನ್ ಸೇರಿ ಒಂದು ಟನ್ನಿನ ಮೇಲೆಯೇ. ಇಂಜಿನ್ ನೀರಿಗೆ ಇಳಿಸಿದರೆ ಹತ್ತಿರ ಹತ್ತಿರ ಮೂರು ಅಡಿ ಆಳ ಬೇಕು. ನೀರಿನ ಜೊತೆ ಸರಿಸುತ್ತಾ ಬರದಿದ್ದರೆ ಬೆಳಗಾಗುವಷ್ಟರಲ್ಲಿ ಕೆಸರಿನಲ್ಲಿ ಕೂತಿರುತ್ತದೆ. ಆಮೇಲೆ ಟ್ರ್ಯಾಕ್ಟರ್ ಇಳಿಸಲು ಹೋದರೆ ಅದೂ ಹೂತುಕೊಳ್ಳುತ್ತದೆ.

ಒಂದು ಏಪ್ರಿಲ್‌ನಲ್ಲಿ ಸ್ನೇಹಿತರ 20 ಅಡಿಯ ಬೋಟಿನಲ್ಲಿ ಹೋಗಿದ್ದೆ. ನಿಧಾನವಾಗಿಯೇ ಹೋಗುತ್ತಿದ್ದೆವು. ‘ಟಕ್’ ಅಂತ ಒಂದೇ ಸದ್ದು. ಆಮೇಲೆ ಎಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ. ಎತ್ತಿ ನೋಡಿದರೆ ಪ್ರೊಪೆಲ್ಲರಿನ ಮೂರು ಎಲೆಗಳಲ್ಲಿ ಒಂದು ಬಾಳೆಲೆಯ ತುದಿಯ ಹಾಗೆ ಮಡಚಿಕೊಂಡಿತ್ತು. ಅದರ ಒಳಗಿನ ರಬ್ಬರ್ ಬುಶ್ ಕಿತ್ತು ಸುಮ್ನೆ ತಿರುಗುತ್ತಿತ್ತು. ಆ ಬುಶ್ ಇರುವುದೇ ಅದಕ್ಕೆ. ಅದು ಹೋಗಿದ್ದರಿಂದ ಗೇರ್ ಉಳಿಯಿತು. ಆದರೆ ಅಷ್ಟು ಭಾರದ ಬೋಟಿಗೆ ಹುಟ್ಟು ಹಾಕಿ ದಡ ಸೇರಿಸುವುದು ಸಾಧ್ಯವೇ? ಮೀನು ಹಿಡಿಯುವವರ ಒಂದು ದೋಣಿ ಬಂದು ಹಗ್ಗ ಕಟ್ಟಿ ಎಳೆಯುವ ತನಕ ಬಿಸಿಲಿನಲ್ಲಿ ಕೂತಿದ್ದೆವು. ಚಿಕ್ಕ ಬೋಟಾಗಿದ್ದರೆ ಅರ್ಧ ಗಂಟೆಯಲ್ಲಿ ಹುಟ್ಟು ಹಾಕಿಕೊಂಡೇ ಮನೆ ಸೇರುತ್ತಿದ್ದೆವು.

ಹಾಗಂತ ಚಿಕ್ಕದೇ ಎಲ್ಲರಿಗೂ ಸರಿ ಅನ್ನಲಾರೆ. ಯಾಕೆಂದರೆ ಇದಕ್ಕಿಂತ ಹೆಚ್ಚು ಹೆದರಿದ್ದು ನಾನು ಚಿಕ್ಕ ಬೋಟಿನಲ್ಲೇ.

ಮಳೆ ಹಿಡಿಯುವ ಹೊತ್ತಿನಲ್ಲಿ, ಒಂದು ಮದುವೆ ಮುಗಿಸಿ ಸಂಜೆ ವಾಪಸ್ ಬರುತ್ತಿದ್ದೆವು. 14 ಅಡಿಯ ಬೋಟಿನಲ್ಲಿ ಆರು ಜನ, ಕಾಲಡಿ ಎರಡು ಚೀಲ ಸಾಮಾನು. ದಂಡೆಯ ಮರೆಯಲ್ಲಿ ಇರುವಷ್ಟು ಹೊತ್ತು ನೀರು ಕನ್ನಡಿಯ ಹಾಗಿತ್ತು. ಬಯಲು ನೀರಿಗೆ ಬಂದ ಕೂಡಲೇ ಪಶ್ಚಿಮದ ಗಾಳಿ ಎದ್ದಿತು. ಅಲೆ ದೊಡ್ಡದೇನಲ್ಲ, ಒಂದೂವರೆ ಅಡಿ ಇರಬಹುದು. ಆದರೆ ಭಾರಕ್ಕೆ ತಗ್ಗಿದ್ದ ಬೋಟಿನ ಅಂಚಿಗೂ ನೀರಿಗೂ ಒಂದು ಗೇಣು ಅಂತರ ಅಷ್ಟೇ ಇತ್ತು. ಹಿಂದಿನ ಮೂಲೆಯಿಂದ ನೀರು ಒಳಗೆ ಬರತೊಡಗಿತು. ಅಪ್ಪಯ್ಯ ಏನೂ ಮಾತಾಡದೆ ಬಾಲ್ದಿ ತೆಗೆದುಕೊಂಡು ನೀರು ಎತ್ತಿ ಹಾಕತೊಡಗಿದರು. ನಾನು ವೇಗ ತಗ್ಗಿಸಿ ಮೂತಿಯನ್ನು ಗಾಳಿಗೆ ಎದುರು ಮಾಡಿ ಹತ್ತಿರದ ದಂಡೆಗೆ ಹೋದೆ. ಗಾಳಿ ನಿಲ್ಲುವ ತನಕ ಕಾಡಿನ ಅಂಚಿನಲ್ಲಿ ಕೂತೆವು. ಆವತ್ತಿನಿಂದ ಆ ಬೋಟಿಗೆ ನಾಲ್ಕು ಜನರ ಮೇಲೆ ಹತ್ತಿಸುವುದನ್ನು ಬಿಟ್ಟಿದ್ದೇವೆ.

ಎಷ್ಟು ಜನ ಹಿಡಿಸುತ್ತದೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. 20 ಅಡಿಯ ಒಳಗಿನ ಬೋಟಿನ ಉದ್ದವನ್ನೂ ಅಗಲವನ್ನೂ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸುವುದು. 14 ಅಡಿ ಉದ್ದ, ಐದೂವರೆ ಅಡಿ ಅಗಲ ಇದ್ದರೆ 5 ಜನ. ಒಬ್ಬೊಬ್ಬರಿಗೆ ಸುಮಾರು 68 ಕೆ.ಜಿ. ಅಂತ ಹಿಡಿದು, ನೀರು ಶಾಂತವಾಗಿದ್ದಾಗಿನ ಮಾತು ಇದು. ಸಾಮಾನು ಇದ್ದರೆ ಒಬ್ಬರನ್ನು ಕಳೆಯಿರಿ, ಗಾಳಿ ಇದ್ದರೆ ಇನ್ನೊಬ್ಬರನ್ನು. ಬೋಟಿನ ತಯಾರಕರು ಹಾಕಿದ ಫಲಕದಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ಫಲಕದ ಮಾತೇ ಕೊನೆ.

ದೊಡ್ಡ ಬೋಟಿನ ಬಲ ಇರುವುದು ಇಲ್ಲೇ. ಅಂಚು ಎತ್ತರ. ಅಡಿಭಾಗ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆಳವಾಗಿದ್ದರೆ ಅಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ, ಬೆನ್ನಿಗೆ ಪೆಟ್ಟು ಬೀಳುವುದಿಲ್ಲ. ವಯಸ್ಸಾದ ಅಜ್ಜಿಯನ್ನು ಕೈಹಿಡಿದು ಹತ್ತಿಸಿದರೆ ಬೋಟು ಒಂದು ಕಡೆ ವಾಲುವುದಿಲ್ಲ. ಮಕ್ಕಳು ಎದ್ದು ಓಡಾಡಿದರೂ ಎದೆ ಡವಗುಟ್ಟುವುದಿಲ್ಲ. ಎಂಟು ಜನ ಒಟ್ಟಿಗೆ, ಮೂರು ನಾಲ್ಕು ಕಿ.ಮೀ. ಬಯಲು ನೀರು, ವಾರಕ್ಕೆ ಮೂರು ನಾಲ್ಕು ಬಾರಿ ದಾಟುವವರಾದರೆ ದೊಡ್ಡದೇ ಸರಿ. ಅಲ್ಲಿ ಚಿಕ್ಕದನ್ನು ತಗೊಂಡು ದುಡ್ಡು ಉಳಿಸುವುದಕ್ಕೆ ಹೋಗಬಾರದು.

ಚಪ್ಪಟೆ ಅಡಿಯ ದೊಡ್ಡ ಬೋಟುಗಳೂ ಸಿಗುತ್ತವೆ. ನಿಂತಾಗ ಅಲುಗಾಡುವುದಿಲ್ಲ, ಕಡಿಮೆ ಆಳ ಸಾಕು. ನಮ್ಮ ಹಿನ್ನೀರಿನ ಒಳಗಿನ ಕವಲುಗಳಿಗೆ ಇವು ಚೆನ್ನಾಗಿ ಒಗ್ಗುತ್ತವೆ. ಗಾಳಿಯಲ್ಲಿ ಮಾತ್ರ ದಬದಬ ಬಡಿಯುತ್ತವೆ.

ಪೆಟ್ರೋಲಿಗೆ ಬರೋಣ. ಈಗಿನ ಫೋರ್ ಸ್ಟ್ರೋಕ್ ಇಂಜಿನ್ ಪೂರ್ತಿ ವೇಗದಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಮೂರನೇ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. 25 ಎಚ್‌ಪಿಗೆ ಗಂಟೆಗೆ 8–9 ಲೀಟರ್, 115 ಎಚ್‌ಪಿಗೆ 38–40 ಲೀಟರ್. ಲೀಟರಿಗೆ ನೂರು ದಾಟಿದ ದರದಲ್ಲಿ ಒಂದು ಗಂಟೆಗೆ ಸುಮಾರು 900 ರೂಪಾಯಿ ಎಲ್ಲಿ, 4,000 ಎಲ್ಲಿ! ಹದವಾದ ವೇಗದಲ್ಲಿ ಹೋದರೆ ಎರಡೂ ಅರ್ಧಕ್ಕೆ ಇಳಿಯುತ್ತವೆ, ಆದರೆ ದೊಡ್ಡದರ ಖರ್ಚು ಚಿಕ್ಕದರ ನಾಲ್ಕು ಪಟ್ಟಿಗೂ ಮೇಲೆ ಅನ್ನುವುದು ಹಾಗೆಯೇ ಇರುತ್ತದೆ. ದೊಡ್ಡ ಬೋಟು ಕೊಂಡ ಮನೆಗಳಲ್ಲಿ ನಾನು ನೋಡಿದ್ದೇನೆ. ಮೊದಲ ವರ್ಷ ದಿನಾ ತಿರುಗಾಟ. ಎರಡನೇ ವರ್ಷ ‘ಸುಮ್ನೆ ಯಾಕೆ ತೆಗೆಯೋದು’ ಅಂತ ದಂಡೆಯಲ್ಲೇ ನಿಂತಿರುತ್ತದೆ.

ನಿಂತರೆ ಇನ್ನೊಂದು ತೊಂದರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ, ಕಪಾಟಿನ ಬಟ್ಟೆಗೂ ಬೂಸ್ಟು ಬರುತ್ತದೆ. ಹೀರಿದ ನೀರು ಜಾಸ್ತಿಯಾದರೆ ಎಥನಾಲ್ ಜೊತೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಜಿನ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಚಿಕ್ಕ ಬೋಟಿನ ಟ್ಯಾಂಕು 12 ಅಥವಾ 25 ಲೀಟರಿನ ಡಬ್ಬಿ. ಮಳೆ ಹಿಡಿಯುವ ಮುಂಚೆ ಬಿಚ್ಚಿ, ಉಳಿದದ್ದನ್ನು ಬೈಕಿಗೆ ಹಾಕಿದರಾಯಿತು. ದೊಡ್ಡ ಬೋಟಿನಲ್ಲಿ ನೂರು ಲೀಟರಿನ ಟ್ಯಾಂಕು ನೆಲದ ಅಡಿಯಲ್ಲಿ ಕೂತಿರುತ್ತದೆ. ದೊಡ್ಡದನ್ನು ಕೊಳ್ಳುವುದಾದರೆ ನೀರು ಬೇರ್ಪಡಿಸುವ ಫಿಲ್ಟರ್ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ.

ಮಳೆಗಾಲದಲ್ಲಿ ಇಡುವ ಜಾಗದ ವಿಷಯವನ್ನು ಬೋಟು ಮಾರುವವರು ಎತ್ತುವುದೇ ಇಲ್ಲ. ಜುಲೈನಲ್ಲಿ ಒಂದೇ ದಿನ 100 ಮಿ.ಮೀ. ಮಳೆ ನಮ್ಮಲ್ಲಿ ಹೊಸದಲ್ಲ. ದೊಡ್ಡ ಬೋಟಿನ ತೆರೆದ ಜಾಗ 10 ಚದರ ಮೀಟರ್ ಇದ್ದರೆ ಅಷ್ಟು ಮಳೆಗೆ ಒಳಗೆ ಬೀಳುವ ನೀರು 1,000 ಲೀಟರ್, ಅಂದರೆ ಒಂದು ಟನ್. ನೀರು ಹೊರಹಾಕುವ ಪಂಪು ಬ್ಯಾಟರಿಯಲ್ಲಿ ಓಡುತ್ತದೆ. ಮೋಡದ ದಿನಗಳಲ್ಲಿ, ಯಾರೂ ನೋಡದೆ ಇದ್ದಾಗ ಬ್ಯಾಟರಿ ಇಳಿಯುತ್ತದೆ. ಆಮೇಲೆ ಬೋಟು ಕಟ್ಟಿದ ಜಾಗದಲ್ಲೇ ಮುಳುಗುತ್ತದೆ. ಹಾಗಾಗಿ ದೊಡ್ಡದಕ್ಕೆ ಟ್ರೇಲರ್ ಬೇಕು, ನೀರಿನ ತನಕ ಗಟ್ಟಿ ಇಳಿಜಾರು ಬೇಕು, 25 ಅಡಿಯ ಶೆಡ್ಡು ಬೇಕು. ಚಿಕ್ಕದನ್ನು ಕೊಟ್ಟಿಗೆಯ ಪಕ್ಕ ಬೋರಲು ಹಾಕಿ, ಇಂಜಿನ್ ಬಿಚ್ಚಿ ಜಗಲಿಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಮುಗಿಯಿತು.

ರಿಪೇರಿಯ ಮಾತು. ಸಾಗರ, ಹೊಸನಗರದಲ್ಲಿ ಪಂಪ್‌ಸೆಟ್ಟು ಬಿಚ್ಚುವವರು ಬೇಕಾದಷ್ಟು ಇದ್ದಾರೆ. ಔಟ್‌ಬೋರ್ಡ್ ಇಂಜಿನ್ನಿನಲ್ಲಿ ಕೈ ಪಳಗಿದವರು ಮಾತ್ರ ಮೀನುಗಾರಿಕೆ ಇರುವ ಕರಾವಳಿಯಲ್ಲಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ ಕಡೆ. 25 ಎಚ್‌ಪಿಯ ಇಂಜಿನ್ 60 ಕೆ.ಜಿ. ಆಸುಪಾಸು. ಇಬ್ಬರು ಹಿಡಿದು ಓಮ್ನಿಯ ಹಿಂದೆ ಇಟ್ಟುಕೊಂಡು ಘಾಟಿ ಇಳಿಯಬಹುದು. 150 ಎಚ್‌ಪಿಯದು 200 ಕೆ.ಜಿ.ಗೂ ಮೇಲೆ. ಅದಕ್ಕೆ ಮೆಕ್ಯಾನಿಕ್‌ನೇ ಘಾಟಿ ಹತ್ತಿ ಬರಬೇಕು. ಅವರ ಸೀಸನ್ನಿನಲ್ಲಿ ನಿಮ್ಮ ಸರದಿ ಯಾವಾಗ ಬರುತ್ತದೋ!

ವರ್ಷಕ್ಕೊಮ್ಮೆ ಅಥವಾ 100 ಗಂಟೆ ಓಡಿದ ಮೇಲೆ ಸರ್ವೀಸು ಎರಡಕ್ಕೂ ಇದ್ದದ್ದೇ. ಒಂದು ಕೆಲಸ ನೀವೇ ಕಲಿಯಿರಿ. ಕೆಳಗಿನ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡುವುದು. ಕಪ್ಪಾಗಿದ್ದರೂ ತಿಳಿಯಾಗಿ ಹರಿದರೆ ಚಿಂತೆ ಇಲ್ಲ. ಹಾಲು ಜಾಸ್ತಿ ಹಾಕಿದ ಕಾಫಿಯ ಹಾಗೆ ಬಂದರೆ ಸೀಲಿನಿಂದ ನೀರು ಒಳಗೆ ಹೋಗಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಬೋಟು ನೋಡಲು ಹೋದಾಗ ಇದನ್ನೇ ಮೊದಲು ಮಾಡಿ. ಬಣ್ಣ, ಸೀಟಿನ ಹೊದಿಕೆ ಎಲ್ಲ ಆಮೇಲೆ.

ನಡುವಿನದು ಅಂದೆನಲ್ಲ. 16ರಿಂದ 17 ಅಡಿ, ಆರೂವರೆ ಅಡಿ ಅಗಲ, 40ರಿಂದ 60 ಎಚ್‌ಪಿ. ಲೆಕ್ಕದಲ್ಲಿ ಏಳು ಜನ, ನೆಮ್ಮದಿಯಾಗಿ ಐದು ಜನ. ಸ್ಟೀರಿಂಗ್ ಇರುತ್ತದೆ, ಅಂಚು ಚಿಕ್ಕದಕ್ಕಿಂತ ಎತ್ತರ. ಟ್ರೇಲರಿನ ಮೇಲೆ ಇಟ್ಟರೆ ಬೊಲೆರೊ ಸಲೀಸಾಗಿ ಎಳೆಯುತ್ತದೆ. ಕೆಸರಿನಲ್ಲಿ ಕೂತರೆ ಐದಾರು ಜನ ಸೇರಿ ಬಿಡಿಸಬಹುದು. ಹುಟ್ಟು ಹಾಕುವುದು ಕಷ್ಟ, ಆದರೆ ಆಗದ ಕೆಲಸವಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಹಿರಿಯರು ಇರುವ ಮನೆಗೆ, ಒಂದೆರಡು ಕಿ.ಮೀ. ನೀರು ದಾಟುವವರಿಗೆ ನನ್ನ ಒಲವು ಇದರ ಕಡೆಗೇ.

ದುಡ್ಡು ಅಷ್ಟು ಇಲ್ಲ ಅನ್ನುವವರು, ಬಯಲು ನೀರಿಗೆ ಹೋಗದೆ ಕವಲಿನ ಒಳಗೇ ತೋಟಕ್ಕೆ ಹೋಗಿಬರುವವರು, ಇಬ್ಬರು ಮೂವರೇ ಇರುವ ಮನೆಯವರು 14 ಅಡಿಯ ಬೋಟು, 15–25 ಎಚ್‌ಪಿಗೆ ನಿಲ್ಲಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಲೈಫ್ ಜಾಕೆಟ್ ತಗೊಳ್ಳಿ, ತಲೆಗೊಂದು. ಮಕ್ಕಳದ್ದು ಅವರ ತೂಕಕ್ಕೆ ಸರಿಯಾಗಿ ಬೇರೆಯೇ ಇರಬೇಕು. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ಇದರಲ್ಲಿ ಮಾತ್ರ ದಯವಿಟ್ಟು ಜಿಪುಣತನ ಬೇಡ.

ದಂಡೆಯ ಹೋಂಸ್ಟೇಯವರು ‘ನೆಂಟರಿಗೂ ಆಯಿತು, ಗಿರಾಕಿಗಳಿಗೂ ಆಯಿತು’ ಅಂತ ದೊಡ್ಡದನ್ನು ನೋಡುತ್ತಾರೆ. ದುಡ್ಡು ತಗೊಂಡು ಜನರನ್ನು ಕೂರಿಸುವುದು ಬೇರೆಯೇ ವ್ಯವಹಾರ. ಮನೆ ಬಳಕೆಯ ಕಾಗದಪತ್ರ ಅದಕ್ಕೆ ಸಾಲುವುದಿಲ್ಲ. ಅದನ್ನು ಮನೆಯ ಬೋಟಿನ ಜೊತೆ ಬೆರೆಸಬೇಡಿ.

ವರ್ಷಕ್ಕೆ ಎರಡೇ ಬಾರಿ ಹತ್ತು ಜನ ಸೇರುವ ಮನೆಯವರು ಚಿಕ್ಕದನ್ನೋ ನಡುವಿನದನ್ನೋ ಇಟ್ಟುಕೊಂಡು ಎರಡು ಮೂರು ಸುತ್ತು ಹೊಡೆಯಿರಿ. ಹತ್ತು ನಿಮಿಷದ ದಾರಿಗೆ, ವಾಪಸ್ ಬಂದು ಹೋಗುವ ಒಂದೊಂದು ಸುತ್ತಿಗೂ ಇಪ್ಪತ್ತು ನಿಮಿಷ ಜಾಸ್ತಿ. ಆ ಎರಡು ದಿನಕ್ಕೋಸ್ಕರ ಉಳಿದ 363 ದಿನ ಒಂದು ಟನ್ನನ್ನು ಸಾಕುವುದು ಯಾಕೆ?

ಯಾವುದೇ ಆಗಲಿ, ವರ್ಷಕ್ಕೆ ಬೋಟಿನ ಬೆಲೆಯ ಹತ್ತರಲ್ಲಿ ಒಂದು ಪಾಲನ್ನು ಸರ್ವೀಸು, ವಿಮೆ, ಬಿಡಿಭಾಗ ಅಂತ ತೆಗೆದಿಡಿ. ಒಂದು ಪ್ರೊಪೆಲ್ಲರ್ ಯಾವಾಗಲೂ ಮನೆಯಲ್ಲಿ ಹೆಚ್ಚುವರಿ ಇರಲಿ. ಹೊಸ ಬೋಟಿಗೆ ಬೇರೆ ಕಡೆಯಿಂದ ಇಂಜಿನ್ ತರುವುದಾದರೆ ಶಾಫ್ಟಿನ, ಅಂದರೆ ಇಂಜಿನ್ನಿನಿಂದ ಪ್ರೊಪೆಲ್ಲರಿನ ಕಡೆಗೆ ಇಳಿಯುವ ದಂಡದ, ಉದ್ದ ಬೋಟಿನ ಹಿಂಭಾಗದ ಎತ್ತರಕ್ಕೆ ಹೊಂದುತ್ತದೆಯೇ ಅಳೆಯಿರಿ. 15 ಇಂಚಿನದು, 20 ಇಂಚಿನದು ಅಂತ ಬರುತ್ತದೆ. ಗಿಡ್ಡವಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ, ಉದ್ದವಾದರೆ ಬೊಡ್ಡೆಗೆ ಇನ್ನಷ್ಟು ಹತ್ತಿರ. ಓಡಿಸುವವರು ಬಿದ್ದರೆ ಇಂಜಿನ್ ತಾನಾಗಿ ನಿಲ್ಲುವ ಕೆಂಪು ಹುರಿ ಇರುತ್ತದಲ್ಲ, ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಇಂಜಿನ್ ಶುರು ಮಾಡಬೇಡಿ.

ಭಾವನಿಗೆ ಕೊನೆಗೆ ಎರಡು ಕೆಲಸ ಹೇಳಿದೆ. ಮೇ ಕೊನೆಯಲ್ಲಿ ಒಂದು ಉದ್ದನೆ ಬಿದಿರಿನ ಗಳ ಹಿಡಿದು, ತೋಟದ ಕೆಳಗಿನಿಂದ ನೀರಿನ ತನಕ ನಡೆದು ನೋಡಿ. ಎಷ್ಟು ಹೆಜ್ಜೆ, ಎಲ್ಲಿಂದ ಕೆಸರು, ಗಳ ಎಷ್ಟು ಇಳಿಯುತ್ತದೆ, ಬೊಡ್ಡೆಗಳು ಎಲ್ಲೆಲ್ಲಿವೆ ಅಂತ ಬರೆದಿಟ್ಟುಕೊಳ್ಳಿ. ಎರಡನೆಯದು, ಬೋಟು ನೋಡಲು ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋಗಿ. ನೀವು ಶಿವಮೊಗ್ಗಕ್ಕೆ ಹೋಗಿರುವ ದಿನ ಆಚೆ ದಂಡೆಗೆ ಹೋಗಬೇಕಾದವಳು ಅವಳು. ಸ್ಟಾರ್ಟರ್ ಹಗ್ಗವನ್ನು ಅವಳೇ ಎಳೆದು ನೋಡಲಿ. ಇಂಜಿನ್ ಎತ್ತಿ ಇಳಿಸಿ ನೋಡಲಿ. ಅವಳಿಗೆ ಆಗಲಿಲ್ಲ ಅಂದರೆ ಬಟನ್ ಸ್ಟಾರ್ಟ್ ಇರುವ ಇಂಜಿನ್ ನೋಡಿ. ಅದೂ ಕಷ್ಟ ಆದರೆ ಒಂದು ಅಳತೆ ಕೆಳಗೆ ಇಳಿಯಿರಿ.

“ಸರಿ, ಅವಳಿಗೇ ಫೋನ್ ಕೊಡ್ತೀನಿ ತಡಿ” ಅಂದರು ಭಾವ.